ಮುಟ್ಟಿದರೆ ಮುಟ್ಟು ನಿಲ್ಲುತ್ತದೆ

ಟಿ. ದಾಸರಹಳ್ಳಿಯ ಆ ಶಾಲೆಯಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕಕ್ಕೆ ಎರಡು ಸಲ ಪಿನ್ನು ಬೀಳುತ್ತಿತ್ತು. ಮೊದಲನೆಯದು ಪ್ರೆಸ್ಸಿನಲ್ಲಿ, ಪುಸ್ತಕ ಬಿಚ್ಚಿಹೋಗದಿರಲಿ ಎಂದು. ಎರಡನೆಯದು ಆಯಾ ಮಲಕವ್ವನ ಕೈಯಲ್ಲಿ, ಪುಸ್ತಕ ತೆರೆದುಕೊಳ್ಳದಿರಲಿ ಎಂದು.

ಮಲಕವ್ವನಿಗೆ ಅರವತ್ತೆರಡು ದಾಟಿತ್ತು. ಮುದ್ದೇಬಿಹಾಳದ ಕಡೆಯವಳು. ಗಂಡ ಮುದಕಪ್ಪನ ಬೆನ್ನು ಹಿಡಿದು ಪೀಣ್ಯಕ್ಕೆ ಬಂದಾಗ ಈ ಕಡೆ ಇನ್ನೂ ರಾಗಿ ಹೊಲಗಳಿದ್ದವು. ಮುದಕಪ್ಪ ಕಾರ್ಖಾನೆಯಲ್ಲಿ ಪವರ್‌ಪ್ರೆಸ್ಸಿನ ಮುಂದೆ ಇಪ್ಪತ್ತೆಂಟು ವರ್ಷ ನಿಂತು, ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಏಳಲೇ ಇಲ್ಲ. ಅವನು ಹೋದ ಮೇಲೆ ಅವಳು ಈ ಶಾಲೆ ಸೇರಿದಳು. ಕಸ ಗುಡಿಸುವುದು, ಪಾಯಖಾನೆ ತೊಳೆಯುವುದು, ಗಂಟೆ ಹೊಡೆಯುವುದು, ಹೆಡ್‌ಮಾಸ್ಟರಿಗೆ ಚಹಾ ತರುವುದು, ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಪಿನ್ನು ಹೊಡೆಯುವುದು.

ಪಿನ್ನಿಗೂ ಒಂದು ಚರಿತ್ರೆ ಇತ್ತು. ಏಳು ವರ್ಷದ ಹಿಂದೆ ಯಾರೋ ಒಬ್ಬ ತಂದೆ, ಸತ್ತ ಇಲಿಯನ್ನು ಬಾಲ ಹಿಡಿದು ತರುವ ಹಾಗೆ ಎರಡೇ ಬೆರಳಲ್ಲಿ ವಿಜ್ಞಾನ ಪುಸ್ತಕ ಹಿಡಿದು ತಂದು ಹೆಡ್‌ಮಾಸ್ಟರ್ ಚನ್ನವೀರಪ್ಪನವರ ಮೇಜಿನ ಮೇಲೆ ಹಾಕಿದ್ದರು. "ಏನ್ ಸಾರ್ ಇದು? ಹೆಣ್ಮಕ್ಕಳು ಓದೋ ಪುಸ್ತಕದಲ್ಲಿ ಇಂಥ ಚಿತ್ರ! ಇದಕ್ಕೇನಾ ನಾವು ಫೀಸ್ ಕಟ್ಟೋದು?" ಚನ್ನವೀರಪ್ಪನವರು ಮರ್ಯಾದಸ್ಥರು. ಆ ಪುಟವನ್ನು ನೋಡದೆಯೇ ನಾಚಿಕೊಂಡರು. ಪಾಠ ಕಿತ್ತುಹಾಕುವಂತಿಲ್ಲ, ಸರ್ಕಾರದ್ದು. ಇರಗೊಡುವಂತಿಲ್ಲ, ಸಂಸ್ಕಾರದ್ದು. ಎರಡು ದಿನ ಯೋಚಿಸಿ ಅವರು ಕಂಡುಹಿಡಿದ ಪರಿಹಾರ ಸ್ಟೇಪ್ಲರ್. ಸಂತಾನೋತ್ಪತ್ತಿ ಪಾಠದಲ್ಲಿ ಮನುಷ್ಯರ ವಿಷಯ ಬರುವ ನಾಲ್ಕು ಹಾಳೆಗೆ ಮೂರು ಕಡೆ ಪಿನ್ನು. ತನಿಖೆಯವರು ಬರುವ ದಿನ ಬಿಚ್ಚುವುದು, ಅವರು ಊಟ ಮಾಡಿ ಹೋದ ಮೇಲೆ ಮತ್ತೆ ಹೊಡೆಯುವುದು.

ಈ ಪುಣ್ಯದ ಕೆಲಸ ಯಾರಿಗೆ ಕೊಡುವುದು? ಟೀಚರಿಗೆ ಕೊಟ್ಟರೆ ಚಿತ್ರ ಕಣ್ಣಿಗೆ ಬೀಳುತ್ತದೆ. ಪಾಪ, ಬರೀ ಬಿ.ಎಸ್ಸಿ. ಓದಿದ ಮುಗ್ಧರು. ಗುಮಾಸ್ತನಿಗೆ ಕೊಟ್ಟರೆ ಅವನು ನೋಡುತ್ತ ಕೂತುಬಿಡುತ್ತಾನೆ. ಓದಲು ಬಾರದವರೇ ಬೇಕು. ಹಾಗೆ ಆರಿಸಿದ್ದು ಮಲಕವ್ವನನ್ನು. ಸಂಬಳದ ರಿಜಿಸ್ಟರಿನಲ್ಲಿ ತಿಂಗಳು ತಿಂಗಳೂ ಒತ್ತಿದ ಅವಳ ಹೆಬ್ಬೆಟ್ಟೇ ಸಾಕ್ಷಿ.

ನಿಜ ಬೇರೆ ಇತ್ತು. ಕೆಲಸಕ್ಕೆ ಸೇರಿದ ದಿನ ಗುಮಾಸ್ತ ಅವಳ ಇಲಕಲ್ ಸೀರೆ, ಒಡೆದ ಹಿಮ್ಮಡಿ ನೋಡಿ, ಬಾಯಿ ಬಿಡುವ ಮೊದಲೇ ಇಂಕಿನ ಪ್ಯಾಡು ಮುಂದಿಟ್ಟಿದ್ದ. ಇಷ್ಟು ಪ್ರೀತಿಯಿಂದ ಇಟ್ಟಿದ್ದಾನೆ, ಬೇಡ ಎಂದರೆ ನೊಂದುಕೊಳ್ಳುತ್ತಾನೆ ಎಂದು ಅವಳು ಹೆಬ್ಬೆಟ್ಟು ಒತ್ತಿದಳು. ಊರಿನಲ್ಲಿ ಮೂರನೇತ್ತಿನವರೆಗೆ, ಅಂದರೆ ಮೂರನೆಯ ತರಗತಿಯವರೆಗೆ, ಶಾಲೆಗೆ ಹೋದವಳು. ಬೆರಳಿಟ್ಟು, ತುಟಿ ಅಲುಗಿಸುತ್ತ, ಅಕ್ಷರಕ್ಕೆ ಅಕ್ಷರ ಗಂಟು ಹಾಕಿ ಓದಬಲ್ಲಳು. ವರ್ಷಕ್ಕೆ ನಲವತ್ತು ನಲವತ್ತೈದು ಪುಸ್ತಕ, ಪಿನ್ನು ಹೊಡೆಯುವ ಮೊದಲು ಪುಸ್ತಕಕ್ಕೆ ಎರಡು ಸಾಲು. ಹೀಗೆ ಆ ಶಾಲೆಯಲ್ಲಿ ಆ ನಾಲ್ಕು ಹಾಳೆಗಳನ್ನು ಮೊದಲಿನಿಂದ ಕಡೆಯವರೆಗೆ ಓದಿ ಅರ್ಥ ಮಾಡಿಕೊಂಡವರು ಒಬ್ಬರೇ ಇದ್ದರು. ಅವರು ಗಂಟೆ ಹೊಡೆಯುತ್ತಿದ್ದರು.

ಆ ಹಾಳೆಗಳಲ್ಲೇ ಮಲಕವ್ವನಿಗೆ ತನ್ನ ವಂಕಿ ಸಿಕ್ಕಿದ್ದು.

ಹದಿನೈದಕ್ಕೆ ಮದುವೆಯಾಗಿ, ಇಪ್ಪತ್ತರೊಳಗೆ ಎರಡು ಹೆತ್ತಿದ್ದಳು. ಒಂದು ದಿನ ಊರಿಗೆ ಬಂದ ನರ್ಸಬಾಯಿ ಅವಳನ್ನು ಬಾವಿಯ ಹತ್ತಿರ ಹಿಡಿದು, "ಮಲಕವ್ವಾ, ಎರಡಾದ್ವು, ಸಾಕು. ಬರೋ ಸ್ವಾಮಾರ ದವಾಖಾನಿಗೆ ಬಾ, ವಂಕಿ ಹಾಕ್ಸ್ಕೊ. ಸರಕಾರದಿಂದ ಪುಕಟ್" ಎಂದಳು. ಮಲಕವ್ವನಿಗೆ ಸ್ವರ್ಗ ಮೂರೇ ಗೇಣು ಅನ್ನಿಸಿತು. ಮದುವೆಯಲ್ಲಿ ಅತ್ತೆ ಮನೆಯವರು ತೋಳಿಗೆ ಬೆಳ್ಳಿ ವಂಕಿ ಹಾಕುತ್ತೇವೆಂದು ಮಾತು ಕೊಟ್ಟು, ಕೊನೆಗೆ ಅರಿಷಿಣದ ದಾರ ಕಟ್ಟಿದ್ದರು. ಆ ವಂಕಿ ಕಡೆಗೂ ಸರ್ಕಾರದ ರೂಪದಲ್ಲಿ ಬಂತಲ್ಲ! ಸೋಮವಾರ ತಲೆಗೆ ಎರೆದುಕೊಂಡು, ತೋಳಿಗೆ ಎಣ್ಣೆ ಹಚ್ಚಿ, ಗಿಡ್ಡ ತೋಳಿನ ಕುಪ್ಪಸ ತೊಟ್ಟು, ಹೊಟ್ಟೆಕಿಚ್ಚು ಪಡಲಿ ಎಂದು ನಾದಿನಿಯನ್ನೂ ಕರೆದುಕೊಂಡು ಹೋದಳು. ಒಳಗೆ ನರ್ಸಬಾಯಿಯ ಮುಂದೆ ಬಲಗೈ ಚಾಚಿ ನಿಂತಳು.

"ತೋಳಿಗಲ್ಲಬೇ, ಮಕ್ಕೋ" ಎಂದಳು ನರ್ಸಬಾಯಿ.

ಮಲಗಿದಳು. ಏನು ಹಾಕಿದರು, ಎಲ್ಲಿ ಹಾಕಿದರು, ಯಾಕೆ ಹಾಕಿದರು ಎಂದು ಯಾರೂ ಹೇಳಲಿಲ್ಲ. ಕೇಳಲು ಅವಳಿಗೂ ನಾಲಿಗೆ ಏಳಲಿಲ್ಲ. ಹೊರಗೆ ಕೂತಿದ್ದ ನಾದಿನಿ, "ಎಲ್ಲೈತಿ ವಂಕಿ? ತೋರ್ಸು" ಎಂದಳು. ಏನು ತೋರಿಸುವುದು? ಮನೆಗೆ ಬಂದ ಮೇಲೆ ಅತ್ತೆಯೂ ತೋಳು ಹಿಡಿದು ತಿರುವಿ ನೋಡಿದಳು. ಅಂದಿನಿಂದ ಊರಿಗೆಲ್ಲ ಒಂದೇ ಮಾತು: "ನಮ್ಮ ಸೊಸಿ ಸರಕಾರ ಕೊಟ್ಟ ಬೆಳ್ಳಿ ವಂಕಿ ತವರಿಗೆ ಸಾಗಿಸ್ಯಾಳ." ಮಲಕವ್ವನ ಅಣ್ಣ ಹಬ್ಬಕ್ಕೆ ಬಂದಾಗಲೂ ಆ ಮನೆಯಲ್ಲಿ ಅವನಿಗೆ ನೀರು ಕೊಟ್ಟವರು, ಕಣ್ಣು ಅವನ ಜೇಬಿನ ಮೇಲೆ ಇಟ್ಟೇ ಕೊಟ್ಟರು.

ಮೂವತ್ತೈದು ವರ್ಷ ಕಳೆದ ಮೇಲೆ, ದಾಸರಹಳ್ಳಿಯ ಶಾಲೆಯ ಸ್ಟೋರ್ ರೂಮಿನಲ್ಲಿ, ಹದಿನೇಳನೆಯ ಪುಸ್ತಕಕ್ಕೆ ಪಿನ್ನು ಹೊಡೆಯುವಾಗ ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಗರ್ಭ ಕಟ್ಟದಂತೆ ಗರ್ಭಕೋಶದೊಳಗೆ ಇಡುವ ಸಾಧನ. ಅದರ ಕೆಲಸ, ಅದರಿಂದ ಆಗಬಹುದಾದ ತೊಂದರೆ. ನರ್ಸಬಾಯಿ ವಂಕಿ ಎಂದದ್ದು ಇದನ್ನೇ. "ಅಯ್ಯ ನಿನ್ನ! ನೀ ಇಲ್ಲಿದ್ದೇನ" ಎಂದು ಅವಳು ಪುಸ್ತಕಕ್ಕೇ ಹೇಳಿದಳು. ಆಮೇಲೆ ಕೈ ತಡೆಯದೆ ಪಿನ್ನು ಹೊಡೆದಳು. ಸಂಬಳ ಕೊಡುವುದು ಅದಕ್ಕೇ ತಾನೆ.

ಪಿನ್ನು ಕೀಳಲು ಮಕ್ಕಳಿಗೆ ಉಗುರಿರಲಿಲ್ಲವೇ? ಇತ್ತು. ಆದರೆ ಕಿತ್ತವರ ಹೆಸರನ್ನು ಬೆಳಗಿನ ಪ್ರಾರ್ಥನೆಯಲ್ಲಿ ಮೈಕಿನಲ್ಲಿ ಓದುತ್ತಿದ್ದರು. ಗಂಡುಹುಡುಗರಿಗೆ ಅದರ ಗೊಡವೆಯೇ ಬೇಕಿರಲಿಲ್ಲ. ಕಾಂಪೌಂಡಿನ ಹಿಂದೆ ಒಂದು ಮೊಬೈಲಿನ ಸುತ್ತ ಹತ್ತು ತಲೆ ಸೇರಿಸಿ ಅವರು ಬೇರೆಯೇ ವಿಶ್ವವಿದ್ಯಾಲಯ ನಡೆಸುತ್ತಿದ್ದರು. ಅಲ್ಲಿ ಕಲಿತದ್ದು ಸುಳ್ಳೋ ನಿಜವೋ ಎಂದು ಕೇಳಲು ಮೇಷ್ಟರಿರಲಿಲ್ಲ, ಅಷ್ಟೆ.

ವಿಜ್ಞಾನದ ಟೀಚರ್ ನಿವೇದಿತಾ ಮಿಸ್ ಹೊಸಬರು, ಒಳ್ಳೆಯವರು. ಸಂತಾನೋತ್ಪತ್ತಿ ಪಾಠವನ್ನು ಅವರೂ ಬಹಳ ಚೆನ್ನಾಗಿ ಮಾಡಿದರು, ದಾಸವಾಳದವರೆಗೆ. ಅಮೀಬಾ ಎರಡಾಗುವುದನ್ನು ಬೋರ್ಡಿನ ಮೇಲೆ ಬರೆದರು. ಹೈಡ್ರಾ ಮೊಗ್ಗು ಬಿಡುವುದನ್ನು ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿದರು. ಮಲಕವ್ವನಿಂದ ದಾಸವಾಳ ಕೀಳಿಸಿ ತರಿಸಿ, ನಲವತ್ತೆರಡು ಮಕ್ಕಳ ಎದುರು ಬ್ಲೇಡಿನಿಂದ ಸೀಳಿ, ಇದು ಅಂಡಾಶಯ, ಇದು ಶಲಾಕಾಗ್ರ, ಪರಾಗ ಇಲ್ಲಿಗೆ ಬರಬೇಕು ಎಂದು ಕಡ್ಡಿಯಿಂದ ಮುಟ್ಟಿ ಮುಟ್ಟಿ ತೋರಿಸಿದರು. ದಾಸವಾಳಕ್ಕೆ ಅಪ್ಪ ಅಮ್ಮ ಬಂದು ಗಲಾಟೆ ಮಾಡುವುದಿಲ್ಲ ನೋಡಿ. ಹೂವು ಮುಗಿದ ಕೂಡಲೇ ಮಿಸ್ ಕೈ ಒರೆಸಿಕೊಂಡು, "ಮುಂದಿನ ನಾಲ್ಕು ಹಾಳೆ ಮನೇಲಿ ಓದ್ಕೊಳ್ಳಿ, ಎಕ್ಸಾಮ್‌ಗೆ ಅಷ್ಟು ಇಂಪಾರ್ಟೆಂಟ್ ಅಲ್ಲ" ಎಂದರು. ಪಿನ್ನು ಹೊಡೆದ ಹಾಳೆಯನ್ನು ಮನೆಯಲ್ಲಿ ಹೇಗೆ ಓದಿಕೊಳ್ಳುವುದು ಎಂದು ಯಾರೂ ಕೇಳಲಿಲ್ಲ. ಶಿಸ್ತಿನ ಶಾಲೆ.

ಆದರೂ ಮೇಲಿನಿಂದ ಸುತ್ತೋಲೆ ಬಂದಿತ್ತು: ಹೆಣ್ಣುಮಕ್ಕಳಿಗೆ ತಿಳಿವಳಿಕೆ ನೀಡತಕ್ಕದ್ದು. ನವೆಂಬರಿನಲ್ಲಿ ಒಂದು ದಿನ ಗಂಡುಹುಡುಗರನ್ನು ಕಬಡ್ಡಿಗೆ ಓಡಿಸಿ, ಹುಡುಗಿಯರನ್ನು ಹಾಲಿನಲ್ಲಿ ಕೂರಿಸಿ, ಬಾಗಿಲು ಹಾಕಿದರು. ಕಿಟಕಿಗೆ ಯಾರೂ ಬರದಂತೆ ಕಾಯಲು ಮಲಕವ್ವನನ್ನು ಹೊರಗೆ ನಿಲ್ಲಿಸಿದರು. ಒಳಗೆ ಏನಾಯಿತೆಂದು ಅವಳಿಗೆ ತಿಳಿದದ್ದು ಮುಂದೆ, ಅನಾಹುತವಾದ ಮೇಲೆ. ನಿವೇದಿತಾ ಮಿಸ್ ಗೋಡೆಯ ಗಡಿಯಾರ ನೋಡುತ್ತ ಹೇಳಿದ್ದು ಇಷ್ಟು:

"ನೋಡಿ, ನೀವೆಲ್ಲ ದೊಡ್ಡವರಾಗಿದ್ದೀರ. ಮುಟ್ಟು ಶುರುವಾದ್ಮೇಲೆ ಹುಡುಗ್ರನ್ನ ಮುಟ್ಟೋದು, ಅವ್ರು ಮುಟ್ಟೋದು, ಏನೂ ಇಟ್ಕೋಬಾರ್ದು. ಮುಟ್ಟಿದ್ರೆ ಮುಟ್ಟು ನಿಲ್ಲತ್ತೆ. ಮುಟ್ಟು ನಿಂತ್ರೆ ಜೀವನಾನೇ ನಿಂತ್ಹೋಗತ್ತೆ. ಅರ್ಥ ಆಯ್ತಲ್ಲ?"

"ಆಯ್ತು ಮಿಸ್" ಎಂದವು ಇಪ್ಪತ್ತು ಕಂಠ.

ನಾಲ್ಕು ನಿಮಿಷ. ಫೋಟೋ ತೆಗೆಯಲು ಆರು ನಿಮಿಷ. ಸುತ್ತೋಲೆಗೆ ಉತ್ತರ ಹೋಯಿತು: ತಿಳಿವಳಿಕೆ ನೀಡಲಾಗಿದೆ.

ಆ ಇಪ್ಪತ್ತು ಕಂಠಗಳಲ್ಲಿ ಒಂದು ಭಾಗ್ಯಶ್ರೀಯದು. ಮೊದಲ ಬೆಂಚಿನ ಹುಡುಗಿ. ಅಪ್ಪ ಹಣಮಂತ ಪೀಣ್ಯದಲ್ಲಿ ಲೋಡಿಂಗ್ ಕೆಲಸಕ್ಕೆ, ಅವ್ವ ಸುಮಂಗಲಾ ಗಾರ್ಮೆಂಟ್ಸಿಗೆ. ಶಹಾಪುರದ ಕಡೆಯಿಂದ ಬಂದು ಒಂದೇ ಕೋಣೆಯಲ್ಲಿ ಐದು ಜನ. ಮನೆಯಲ್ಲಿದ್ದ ಒಂದೇ ಮೊಬೈಲು ಅಪ್ಪನ ಜೇಬು ಬಿಟ್ಟು ಹೊರಗೆ ಬಂದದ್ದಿಲ್ಲ. ಮಿಸ್ ಹೇಳಿದರೆ ಮಿಸ್ ಹೇಳಿದ ಹಾಗೆಯೇ ಎಂದು ನಂಬುವ ಹುಡುಗಿ. ಇಂಥ ಮಕ್ಕಳಿಂದಲೇ ಶಾಲೆಗೆ ಒಳ್ಳೆಯ ಹೆಸರು, ಇಂಥ ಮಕ್ಕಳಿಗೇ ಮೊದಲು ಪೆಟ್ಟು.

ಫೆಬ್ರುವರಿ ತಿಂಗಳು. ಪರೀಕ್ಷೆಗೆ ಇಪ್ಪತ್ತೈದು ದಿನ. ಹುಡುಗಿಯರ ಪಾಯಖಾನೆ ತೊಳೆಯಲು ಹೋದ ಮಲಕವ್ವನಿಗೆ ಭಾಗ್ಯಶ್ರೀ ಮೂಲೆಯಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತದ್ದು ಕಂಡಿತು. ನಿನ್ನೆಯೂ ನಿಂತಿದ್ದಳು, ಮೊನ್ನೆಯೂ.

"ಏನವ್ವಾ, ಮೂರು ದಿನಾತು, ಪಿರಿಡ್ ಬಿಟ್ಟು ಇಲ್ಲೇ ಕಾಯಾಕತ್ತೀ. ಪಾಯಖಾನಿ ಏನ್ ಎದ್ದು ಓಡಿ ಹೊಕ್ಕೈತೇನು?"

ಹುಡುಗಿ ನಗಲಿಲ್ಲ. "ಅಜ್ಜೀ, ಯಾರಿಗೂ ಹೇಳಬ್ಯಾಡ. ನಾ ಎರಡು ತಿಂಗಳಾತು, ಹೊರಗ ಆಗಿಲ್ಲ."

ಮಲಕವ್ವನ ಕೈಯ ಪೊರಕೆ ನಿಂತಿತು. ನಾಲ್ಕು ಹಾಳೆಯನ್ನು ಏಳು ವರ್ಷ ಓದಿದ ಹೆಂಗಸು. ಕೇಳಬೇಕಾದ ಮಾತು ಯಾವುದು, ಅದಕ್ಕೆ ಪುಸ್ತಕದಲ್ಲಿ ಯಾವ ಹೆಸರಿದೆ, ಎಲ್ಲ ಗೊತ್ತು. ಆದರೆ ಗಂಟಲಿನಿಂದ ಹೊರಗೆ ಬಂದದ್ದು ಅವಳ ಅತ್ತೆ, ಅತ್ತೆಯ ಅತ್ತೆ ಆಡುತ್ತಿದ್ದ ಮಾತೇ.

"ಯಾರರೆ... ಮುಟ್ಯಾರೇನ ನಿನ್ನ?"

"ಹೂಂ."

"ಯಾರು?"

"ನಮ್ಮ ಕ್ಲಾಸಿನ ಪರಮಾನಂದ." ಹುಡುಗಿ ಬಿಕ್ಕಿದಳು. "ಪಪ್ಪಾಯಿ ತಿಂದೀನಿ ಅಜ್ಜಿ, ಎಳ್ಳು ತಿಂದೀನಿ. ಏನೂ ಆಗವಲ್ದು. ಮೆಡಿಕಲ್ಲಿನ್ಯಾಗ ಒಂದು ಗುಳಿಗಿ ಕೊಡ್ತಾರಂತ. ನಾಳಿ ತರ್ತೀನಿ."

ಮಲಕವ್ವ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. "ಗುಳಿಗಿ ಗಿಳಗಿ ನುಂಗಿದ್ರ ಕಾಲು ಮುರೀತೀನಿ ನೋಡು. ಡಾಕ್ಟರ್ ಹೇಳದ ಒಂದು ಸಣ್ಣ ಗುಳಿಗಿನೂ ಬಾಯಾಗ ಹಾಕಬಾರ್ದು. ತಡಿ, ನಾ ಮಿಸ್ ಹತ್ರ ಮಾತಾಡ್ತೀನಿ. ಓದಿದೋರು, ದಾರಿ ಹೇಳ್ತಾರ."

ಓದಿದವರು ದಾರಿ ಹೇಳುತ್ತಾರೆ ಎಂದು ನಂಬಿದ್ದು ಮಲಕವ್ವ ತನ್ನ ಜೀವಮಾನದಲ್ಲಿ ಮಾಡಿದ ಎರಡನೆಯ ದೊಡ್ಡ ತಪ್ಪು. ಮೊದಲನೆಯದು ನರ್ಸಬಾಯಿಯ ಮುಂದೆ ತೋಳು ಚಾಚಿದ್ದು.

ಅವಳು ನಿವೇದಿತಾ ಮಿಸ್ಸನ್ನು ಲ್ಯಾಬಿನ ಹಿಂದೆ ಕರೆದು, "ಮಿಸ್, ಭಾಗ್ಯಶ್ರೀದು ಮುಟ್ಟು ನಿಂತೈತಿ. ಪರಮಾನಂದ ಮುಟ್ಯಾನಂತ" ಎಂದಳು. ಮಿಸ್ಸಿನ ಮುಖ ಬೋರ್ಡ್ ಒರೆಸುವ ಬಟ್ಟೆಯ ಹಾಗೆ ಆಯಿತು. ಮುಂದಿನ ಗಂಟೆ ಹೊಡೆಯುವಷ್ಟರಲ್ಲಿ ಸುದ್ದಿ ಚನ್ನವೀರಪ್ಪನವರ ಕಿವಿಗೆ ಬಿತ್ತು. ಒಬ್ಬರಿಗೊಬ್ಬರು ಏನು ಹೇಳಿಕೊಂಡರೋ ಅವರಿಗೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ. "ಆ ಥರ ವಿಷಯ ಸಾರ್" ಎಂದರೆ ಸಾಕು, ಉಳಿದದ್ದನ್ನು ಭಯ ತುಂಬಿಕೊಳ್ಳುತ್ತದೆ.

ಮಧ್ಯಾಹ್ನಕ್ಕೆ ತೀರ್ಮಾನ ಸಿದ್ಧವಿತ್ತು. ಹುಡುಗಿಗೆ ಟಿ.ಸಿ. ಕಾರಣ: ಅನಾರೋಗ್ಯ. ಪರೀಕ್ಷೆಯ ಹಾಲ್ ಟಿಕೆಟ್ಟು ಹೆಡ್‌ಮಾಸ್ಟರ ಡ್ರಾಯರಿನಲ್ಲೇ ಇರಲಿ. ಹುಡುಗನನ್ನು ಕರೆದು, "ಎಕ್ಸಾಮ್ ಹತ್ರ ಬಂತು, ಓದ್ಕೋ" ಎಂದು ಕಠಿಣವಾಗಿ ಶಿಕ್ಷಿಸಲಾಯಿತು. ಅವನು ಕಬಡ್ಡಿಯಲ್ಲಿ ಶಾಲೆಗೆ ಕಪ್ ತಂದವನು. ಕಪ್‌ಗೆ ಕಳಂಕ ಬರಬಾರದು. ಡಾಕ್ಟರಿಗೆ ತೋರಿಸೋಣ ಎಂದು ಯಾರಿಗೂ ಹೊಳೆಯಲಿಲ್ಲ. ಡಾಕ್ಟರರೆಂದರೆ ಚೀಟಿ, ಚೀಟಿ ಎಂದರೆ ಪೊಲೀಸು, ಪೊಲೀಸೆಂದರೆ ಮುಂದಿನ ವರ್ಷದ ಅಡ್ಮಿಷನ್ನು.

ಗಾರ್ಮೆಂಟ್ಸಿನಿಂದ ಅರ್ಧ ದಿನ ರಜೆ ಹಾಕಿ ಸುಮಂಗಲಾ ಓಡಿಬಂದಳು. ಮೂವತ್ನಾಲ್ಕರ ಹೆಂಗಸು, ಬೆರಳ ತುಂಬ ಸೂಜಿಯ ಗುರುತು. ಹೆಡ್‌ಮಾಸ್ಟರ ಕೋಣೆಯಲ್ಲಿ ಅವಳನ್ನು ಕೂರಿಸಿದರು, ಮಗಳನ್ನು ನಿಲ್ಲಿಸಿದರು, ನಿವೇದಿತಾ ಮಿಸ್ ಕಿಟಕಿಯ ಕಡೆ ತಿರುಗಿ ನಿಂತರು. ಚಹಾ ತರಲು ಮಲಕವ್ವನಿಗೆ ಹೇಳಿಕಳಿಸಿದರು. ಮರ್ಯಾದೆಯ ಶಾಲೆ, ಓಡಿಸುವ ಮೊದಲು ಚಹಾ ಕೊಡುತ್ತಾರೆ.

ಮಲಕವ್ವ ಟ್ರೇ ಹಿಡಿದು ಬಾಗಿಲಲ್ಲಿ ಬಂದಾಗ ಚನ್ನವೀರಪ್ಪನವರು ಮೇಜಿನ ಗಾಜಿನ ಗುಂಡನ್ನು ತಿರುಗಿಸುತ್ತ ಹೇಳುತ್ತಿದ್ದರು: "ನೋಡಮ್ಮ, ನಿಮ್ಮ ಮಗಳದ್ದು... ಒಂದು ಸ್ವಲ್ಪ... ಆ ಥರ ಆಗಿದೆ."

"ಯಾವ ಥರಾರೀ?"

"ಅದೇ. ಆಗಬಾರದ್ದು."

"ಏನು ಆಗಬಾರದ್ದು ಸಾರ್?"

"ಮಿಸ್, ನೀವು ಹೇಳಿ."

"ಸಾರ್, ನೀವೇ ಹೇಳಿ."

"ಹೆಣ್ಮಕ್ಕಳ ವಿಷಯ, ನೀವು ಹೇಳಬೇಕು."

ಮಿಸ್ ಕಿಟಕಿಗೇ ಹೇಳಿದರು: "ಅವಳಿಗೆ... ಡೇಟ್ ಆಗಿಲ್ಲ. ಒಬ್ಬ ಹುಡುಗ... ಮುಟ್ಟಿದ್ದಾನೆ."

ಸುಮಂಗಲಾ ಎದ್ದವಳೇ ಮಗಳ ಕೆನ್ನೆಗೆ ಬಾರಿಸಿದಳು. ಆ ಸದ್ದಿಗೆ ಟ್ರೇಯ ಕಪ್ಪುಗಳು ಅಲುಗಿದವು. "ರಂಡೀ, ನಿನ್ನ ಓದಸ್ಲಿಕ್ಕ ನಾ ದಿನಾ ನೂರು ಕಾಲರ್ ಹೊಲೀತೀನೇನ? ಇದs ಐತವಾರ ಊರಿಗೆ ನಡಿ. ನಿಮ್ಮ ಸೋದರಮಾವ ಮದಿವಿಗೆ ಹೂಂ ಅಂದ್ರ ಹೂಂ, ಇಲ್ಲಂದ್ರ ಬಾವಿ ಅದ. ಯಾವಾಗ ಮುಟ್ಟಿದ? ಹೇಳು!"

"ಸ್ಕೂಲ್ ಡೇ ಗ್ಯಾದರಿಂಗಿನ ಪ್ರಾಕ್ಟೀಸ್ ದಿನ" ಎಂದಳು ಭಾಗ್ಯಶ್ರೀ ಅಳುತ್ತ.

"ಎಲ್ಲಿ?"

"ಸ್ಟೇಜಿನ ಮ್ಯಾಲ."

"ಸ್ಟೇಜ್ ಮೇಲೇನಾ!" ಚನ್ನವೀರಪ್ಪನವರ ಕೈಯಿಂದ ಗಾಜಿನ ಗುಂಡು ಉರುಳಿತು.

ಮಲಕವ್ವನ ಕಿವಿ ನೆಟ್ಟಗಾಯಿತು. ಶಾಲೆಯ ಸ್ಟೇಜು ಬಯಲಲ್ಲಿ, ಗೇಟಿನ ಎದುರು. ದಿನಾ ಗುಡಿಸುವವಳು ಅವಳೇ. ಅಲ್ಲಿ ಒಂದು ಬೆಕ್ಕು ಮೈ ನೆಕ್ಕಿಕೊಂಡರೂ ರಸ್ತೆಯ ಬೇಕರಿಯವರಿಗೆ ಕಾಣುತ್ತದೆ.

"ಆವಾಗ ಸ್ಟೇಜಿನ ಮ್ಯಾಲ ಮತ್ಯಾರ್ ಇದ್ರವ್ವಾ?" ಎಂದಳು.

"ಎಲ್ಲಾರೂ ಇದ್ರು ಅಜ್ಜಿ. ಮಿಸ್ಸೂ ಇದ್ರು. ಮಿಸ್ಸೇ ಹಾಡು ಹಾಕಿದ್ರು."

"ನಾನಾ?" ಮಿಸ್ ಕಿಟಕಿಯಿಂದ ತಿರುಗಿದರು.

ಮಲಕವ್ವ ಟ್ರೇಯನ್ನು ಹಾಜರಿ ಪುಸ್ತಕಗಳ ಮೇಲೆಯೇ ಇಟ್ಟಳು. ತಾನು ಪಾಯಖಾನೆಯಲ್ಲಿ ಕೇಳಿದ ಪ್ರಶ್ನೆ ಅವಳಿಗೆ ನೆನಪಾಯಿತು. ಹುಡುಗಿಯ ಹತ್ತಿರ ಹೋಗಿ ಗದ್ದ ಹಿಡಿದೆತ್ತಿ, "ಹೆದರಬ್ಯಾಡ. ಎಲ್ಲಿ ಮುಟ್ಟಿದ ಅವ? ತೋರ್ಸು" ಎಂದಳು.

ಚನ್ನವೀರಪ್ಪನವರು ಕಣ್ಣು ಮುಚ್ಚಿಕೊಂಡರು.

ಭಾಗ್ಯಶ್ರೀ ಬಲಗೈ ಅಂಗೈ ಚಾಚಿದಳು. "ಇಲ್ಲಿ."

"ಮತ್ತೆಲ್ಲಿ?"

"ಇಷ್ಟs. ಡ್ಯಾನ್ಸಿನ್ಯಾಗ ಕೈ ಹಿಡೀಬೇಕಿತ್ತು. ಹಾಡು ಮುಗದ ಮ್ಯಾಲೂ ಅವ ಬಿಡಲಿಲ್ಲ. ನಾನೂ... ಲಗೂನ ಬಿಡಿಸ್ಕೊಳ್ಳಲಿಲ್ಲ."

ಚನ್ನವೀರಪ್ಪನವರು ಒಂದು ಕಣ್ಣು ತೆರೆದರು.

"ಕೈ ಹಿಡಿದ್ರ ಮುಟ್ಟು ನಿಲ್ತೈತಿ ಅಂತ ಯಾವ ಹುಚ್ಚಮುಂಡೆ ಹೇಳಿದ್ಲು ನಿನಗ?" ಎಂದಳು ಮಲಕವ್ವ.

ಹುಡುಗಿ ಮಿಸ್ ಕಡೆ ನೋಡಿದಳು. ಬ್ಯಾಗಿನಿಂದ ನೋಟ್ಸ್ ತೆಗೆದು ಪುಟ ತಿರುವಿದಳು. ಅಲ್ಲಿ ದುಂಡಗಿನ ಅಕ್ಷರದಲ್ಲಿ, ತಾರೀಕಿನ ಸಮೇತ, ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದು ಬರೆದಿತ್ತು: ಮುಟ್ಟಿದರೆ ಮುಟ್ಟು ನಿಲ್ಲುತ್ತದೆ.

"ಅದು ನಾನು... ಬೇರೆ ಅರ್ಥದಲ್ಲಿ ಹೇಳಿದ್ದು" ಎಂದರು ಮಿಸ್.

"ಯಾವ ಅರ್ಥ ಮಿಸ್? ಈಗ ಹೇಳ್ರಿ. ಹುಡುಗಿಗೆ ತಿಳೀಲಿ, ಅವರವ್ವಗೂ ತಿಳೀಲಿ."

ಮಿಸ್ ಬಾಯಿ ತೆರೆದರು, ಮುಚ್ಚಿದರು. ಕಣ್ಣಲ್ಲಿ ನೀರು ಬಂತು. ಬಿ.ಎಸ್ಸಿ. ಆಯಿತು, ಬಿ.ಎಡ್. ಆಯಿತು, ಆ ಒಂದು ವಾಕ್ಯವನ್ನು ಪೂರ್ತಿ ಮಾಡುವುದನ್ನು ಅವರಿಗೂ ಯಾರೂ ಕಲಿಸಿರಲಿಲ್ಲ.

"ಮಲಕಮ್ಮ, ಅದೆಲ್ಲ ಇಲ್ಲಿ ಬೇಡ" ಎಂದರು ಚನ್ನವೀರಪ್ಪನವರು.

"ಇಲ್ಲಿ ಬ್ಯಾಡಂದ್ರ ಎಲ್ಲಿ ಸಾರ್? ನನ್ನ ಪಾಯಖಾನ್ಯಾಗೇನು? ಅಲ್ಲೇ ಹೇಳಾಕತ್ತಿತ್ತು ಕೂಸು, ನಾಳಿ ಅಂಗಡಿ ಗುಳಿಗಿ ನುಂಗ್ತೀನಿ ಅಂತ. ಯಾವ ಗುಳಿಗಿ, ಎಷ್ಟು, ದೇವರಿಗೇ ಗೊತ್ತು. ನುಂಗಿ ಸತ್ತಿದ್ರ? ಆವಾಗ ಏನ್ ಬರೀತಿದ್ರಿ, ಅನಾರೋಗ್ಯ ಅಂತನಾ?"

ಸುಮಂಗಲಾಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಅಲ್ಲವ್ವಾ, ಏನೂ ಇಲ್ಲಂದ್ರ ಎರಡು ತಿಂಗಳು ಯಾಕ ನಿಂತದ?"

ಮಲಕವ್ವ ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಳು. ಬೆಳ್ಳುಳ್ಳಿಯ ಹಾಗೆ ಬೆಳ್ಳಗಿತ್ತು. "ನೋಡ್ಬೇ. ಮುಂಜಾನಿ ಏನ್ ತಿಂದು ಬರ್ತಾಳ? ಬರೀ ಚಾ. ಪರೀಕ್ಷಾ ಅಂಜಿಕಿ, ಮ್ಯಾಲ ಈ ಅಂಜಿಕಿ. ಮೈಯಾಗ ರಕ್ತ ಇಲ್ಲದಿದ್ರ ಎಲ್ಲಿಂದ ಬರ್ಬೇಕು? ನಾಳಿ ದವಾಖಾನಿಗೆ ನಡಿ, ನಾನೂ ಬರ್ತೀನಿ."

ಎಲ್ಲ ಸರಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಚನ್ನವೀರಪ್ಪನವರು ಗಂಟಲು ಸರಿಮಾಡಿಕೊಂಡರು. "ಸಂತೋಷ. ಆದ್ರೂ ವಿಷಯ ಸ್ಟಾಫ್ ರೂಮಲ್ಲಿ ಹರಡಿಬಿಟ್ಟಿದೆ. ಬೇರೆ ಪೇರೆಂಟ್ಸ್ ಕೇಳ್ತಾರೆ. ಈ ವರ್ಷ ಮನೇಲಿ ರೆಸ್ಟ್ ತಗೊಳ್ಳಿ. ಮುಂದಿನ ವರ್ಷ ಖಾಸಗಿಯಾಗಿ ಕಟ್ಟಬಹುದು."

ಹುಡುಗಿ ಆವರೆಗೂ ಅತ್ತದ್ದು ಬೇರೆ, ಆಗ ಅತ್ತದ್ದು ಬೇರೆ. ಸುಮಂಗಲಾ ಸೆರಗು ಸರಿ ಮಾಡಿಕೊಂಡು ಏಳತೊಡಗಿದಳು. ದೊಡ್ಡವರು ಹೇಳಿದರೆ ಏಳುವುದು ಅವಳಿಗೆ ರೂಢಿ.

"ಕೂಡ್ರು" ಎಂದಳು ಮಲಕವ್ವ. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿ, "ಆತು ಸಾರ್, ಟಿ.ಸಿ. ಕೊಡ್ರಿ. ಕಾರಣ ಮಾತ್ರ ಖರೇ ಬರೀರಿ: ಶಾಲ್ಯಾಗ ಹೇಳಿದ ಪಾಠ ಶಾಲ್ಯಾಗ ಹೇಳಿದಂಗs ನಂಬಿದ್ದಕ್ಕ. ಆ ಕಾಗದ ತಗೊಂಡು ನಾನs ಬಿ.ಇ.ಓ. ಆಫೀಸಿಗೆ ಹೊಕ್ಕೀನಿ. ಅವರು, ಪುಸ್ತಕದಾಗ ಎಲ್ಲಾ ಬರ್ದೈತಲ್ಲ, ಓದಲಿಲ್ಲೇನು ಅಂತ ಕೇಳ್ತಾರ. ಪಿನ್ನಿನ ಕತೀನೂ ಹೇಳಬೇಕಾಕ್ಕೈತಿ."

"ಯಾವ ಪಿನ್ನು? ನಿನಗೇನು ಗೊತ್ತು, ಅದರಲ್ಲಿ ಏನಿದೆ ಅಂತ? ನಿನಗೆ ಓದೋಕೇ ಬರಲ್ವಲ್ಲ!"

"ಮೂರನೇತ್ತ ತನಕ ಬರ್ತೈತಿ ಸಾರ್. ಹೇಳಲೇನು? ಅಂಡಾಶಯ. ಗರ್ಭಕೋಶ. ಗರ್ಭನಿರೋಧಕ. ಗುಳಿಗಿ ಹ್ಯಾಂಗ ಕೆಲಸ ಮಾಡ್ತೈತಿ, ವಂಕಿ ಎಲ್ಲಿ ಇಡ್ತಾರ, ಗಂಡಸರು ಏನ್ ಹಾಕ್ಕೊಂಡ್ರ ರೋಗ ಬರಂಗಿಲ್ಲ..."

"ಸಾಕು, ಸಾಕು!" ಚನ್ನವೀರಪ್ಪನವರು ಎರಡೂ ಕೈ ಎತ್ತಿದರು. ಪಿನ್ನಿಲ್ಲದ ಬಾಯಿ ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಡ್ರಾಯರ್ ಎಳೆದು, ಹಾಲ್ ಟಿಕೆಟ್ಟು ತೆಗೆದು, ಮೇಜಿನ ಮೇಲೆ ಇಟ್ಟು, ಎರಡು ಬೆರಳಿನಿಂದ ಹುಡುಗಿಯ ಕಡೆ ತಳ್ಳಿದರು. ಆಮೇಲೆ ಗಂಭೀರವಾಗಿ, "ಇನ್ನು ಮುಂದೆ ಗ್ಯಾದರಿಂಗಿನಲ್ಲಿ ಹುಡುಗ ಹುಡುಗಿ ಸೇರಿ ಡ್ಯಾನ್ಸ್ ಬೇಡ. ಎಲ್ಲ ಅದರಿಂದ ಬಂದದ್ದು" ಎಂದು ಮೂಲಕಾರಣವನ್ನು ಪತ್ತೆಹಚ್ಚಿದರು.

ಮರುದಿನ ತಾಯಿ, ಮಗಳು, ಮಲಕವ್ವ ಮೂವರೂ ಯಶವಂತಪುರದ ಕಡೆಯ ಸರ್ಕಾರಿ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ರಕ್ತ ನೋಡಿ, "ಇದರಲ್ಲಿ ರಕ್ತಕ್ಕಿಂತ ನೀರೇ ಜಾಸ್ತಿ ಇದೆಯಲ್ಲೇ. ಈ ವಯಸ್ಸಲ್ಲಿ ಹೀಗೆ ಹಿಂದೆ ಮುಂದೆ ಆಗತ್ತೆ. ಬೆಳಿಗ್ಗೆ ಹೊಟ್ಟೆಗೆ ತಿನ್ನು, ಈ ಮಾತ್ರೆ ತಗೊ, ಪರೀಕ್ಷೆ ಬರಿ" ಎಂದರು. ಭಾನುವಾರ ಊರಿಗೆ ಹೋಗುವ ಮಾತನ್ನು ಸುಮಂಗಲಾ ಮತ್ತೆ ಎತ್ತಲಿಲ್ಲ.

ಬರುವಾಗ ಬಸ್ಸು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಎಂದಿನಂತೆ ಬೇರು ಬಿಟ್ಟಿತು. ಪಾಳಿ ಬದಲಾಗುವ ಹೊತ್ತು. ಗಾರ್ಮೆಂಟ್ಸಿನ ಹೆಂಗಸರು, ಫ್ಯಾಕ್ಟರಿಯ ಗಂಡಸರು, ಕಾಲಿಡಲು ಜಾಗವಿಲ್ಲ. ಕಿಟಕಿಯ ಹತ್ತಿರ ಕೂತಿದ್ದ ಭಾಗ್ಯಶ್ರೀ ಬಹಳ ಹೊತ್ತು ಯೋಚಿಸಿ, ಪಕ್ಕದ ಮಲಕವ್ವನ ಕಿವಿಗೆ ಬಾಯಿಟ್ಟಳು.

"ಅಜ್ಜೀ, ಕೈ ಹಿಡಿದ್ರ ಆಗಂಗಿಲ್ಲ ಅಂದ್ರ, ಮತ್ತ ಹ್ಯಾಂಗ ಆಗ್ತದ?"

ಮಲಕವ್ವ ಸುತ್ತ ನಿಂತವರನ್ನು ಒಮ್ಮೆ ನೋಡಿದಳು. ಹೆಡ್‌ಮಾಸ್ಟರ ಮುಂದೆ ಹೇಳುವುದು ಸುಲಭ, ಅದು ಜಗಳ. ಇದು ಪಾಠ. "ಅದು... ಗಂಡಸು ಹೆಂಗಸು ಒಬ್ಬರನ್ನೊಬ್ಬರು..." ಎಂದಳು. ಮುಂದಿನ ಶಬ್ದ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡಳು. ಆ ಶಬ್ದದಿಂದಲೇ ಅಲ್ಲವೇ ಇಷ್ಟೆಲ್ಲ.

ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. ಮೆಲ್ಲಗೆ ಹೇಳೋಣವೆಂದರೆ ಇಂಜಿನ್ನಿನ ಸದ್ದು ಬಿಡಲಿಲ್ಲ.

"ಕೇಳವ್ವಾ. ಹೆಣ್ಣಿನ ಹೊಟ್ಟ್ಯಾಗ ಒಂದು ಚೀಲ ಐತಿ. ಅದಕ್ಕ ಗರ್ಭಕೋಶ ಅಂತಾರ. ಅದರ ಆಕಡಿಗೊಂದು ಈಕಡಿಗೊಂದು ಅಂಡಾಶಯ. ತಿಂಗಳಿಗೊಮ್ಮಿ ಅದರಾಗಿಂದ ಒಂದು ತತ್ತಿ ಬರ್ತೈತಿ, ಸಾಸವಿಗಿಂತ ಸಣ್ಣದು. ಗಂಡಿನ ಬೀಜ ಅದಕ್ಕ ಕೂಡಿದ್ರಷ್ಟ ಗರ್ಭ. ಕೂಡಲಿಲ್ಲಂದ್ರ ಮುಟ್ಟು. ಕೈ ಹಿಡಿದ್ರ, ಒಂದs ಬೆಂಚಿನ ಮ್ಯಾಲ ಕುಂತ್ರ ಬೀಜ ಹಾರಿ ಬರಂಗಿಲ್ಲ, ತಿಳೀತಾ? ಮತ್ತ ಆ ಬೀಜ ಯಾವಾಗ ಕೂಡಬೇಕು, ಕೂಡಬಾರ್ದು ಅನ್ನೋದು ನೀ ದೊಡ್ಡಾಕಿ ಆದ ಮ್ಯಾಲ ನೀನs ಹೇಳೋ ಮಾತು. ನೀ ಬ್ಯಾಡಂದ್ರ ಬ್ಯಾಡ. ಗಂಡ ಆದ್ರೂ ಅಷ್ಟs."

ಸುಮಂಗಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಿವಿ ಮಾತ್ರ ಹೊರಗಿತ್ತು. ಮುಂದೆ ನಿಂತಿದ್ದ ಯುವಕ ಕಿವಿಯಿಂದ ಒಂದು ವೈರು ಕಿತ್ತ. "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕೂಗುತ್ತಿದ್ದ ಕಂಡಕ್ಟರು ತಾನೇ ಒಳಗೆ ಬಂದು ಕಂಬಿ ಹಿಡಿದು ನಿಂತ. ಸಿಗ್ನಲ್ಲು ಹಸಿರಾಗಿ, ಹಿಂದಿನ ಗಾಡಿಗಳೆಲ್ಲ ಒಮ್ಮೆಲೇ ಹಾರ್ನ್ ಹೊಡೆದವು. ಮಲಕವ್ವ ಮಾತು ನಿಲ್ಲಿಸಿದಳು.

ಹಿಂದಿನ ಸೀಟಿನಿಂದ ಒಬ್ಬ ದಪ್ಪ ಹೆಂಗಸು ಮುಂದೆ ಬಾಗಿ ಅವಳ ಭುಜ ತಟ್ಟಿದಳು. ಮೂರು ಮಕ್ಕಳ ತಾಯಿಯಂತೆ ಕಾಣುತ್ತಿದ್ದಳು.

"ಅಮ್ಮಾ, ಅಮ್ಮಾ, ಸ್ವಲ್ಪ ಜೋರಾಗಿ ಹೇಳಿ. ತತ್ತಿ ಆದ್ಮೇಲೆ ಏನಂದ್ರೋ ಕೇಳಿಸ್ಲಿಲ್ಲ."